ಏಳಕ್ಕೊಂದು ಅಡ್ಡಗೆರೆ

ಝಳಕಿಯ ಹೆದ್ದಾರಿ ಬದಿಯ ವೇಬ್ರಿಜ್‌ನಲ್ಲಿ ಹದಿನೆಂಟು ವರ್ಷದಿಂದ ಲಾರಿ ತೂಗುತ್ತಿದ್ದ ಮಾಳಿಂಗಪ್ಪನಿಗೆ ಈ ಲೋಕದ ಬಗ್ಗೆ ಇದ್ದದ್ದು ಒಂದೇ ಸಿದ್ಧಾಂತ: ಯಾರೂ ಯಾವುದನ್ನೂ ಸುಮ್ಮನೆ ತೂಗುವುದಿಲ್ಲ. ತೂಗಿದರೆಂದರೆ ಏನನ್ನೋ ಕಡಿಯಲಿಕ್ಕೇ ತೂಗಿದರು. ಕಬ್ಬು ತೂಗಿದರೆ ಸೋಗೆಯ ಹೆಸರಲ್ಲಿ ಕಡಿಯುತ್ತಾರೆ, ಈರುಳ್ಳಿ ತೂಗಿದರೆ ಮಣ್ಣಿನ ಹೆಸರಲ್ಲಿ, ಇಂಡಿಯ ನಿಂಬೆಹಣ್ಣು ತೂಗಿದರೆ ಚೀಲದ ಹೆಸರಲ್ಲಿ. ಈ ಕಡಿತಕ್ಕೆ ಪೇಟೆಯಲ್ಲಿ ಸೂಟು ಅನ್ನುತ್ತಾರೆ. ಸೂಟು ಬಿಡದೆ ತೂಗುವವನನ್ನು ಮಾಳಿಂಗಪ್ಪ ಇನ್ನೂ ನೋಡಿರಲಿಲ್ಲ. ಅಂಥವನು ಬಂದಿದ್ದರೆ ಅವನನ್ನು ಮೊದಲು ಸಂಶಯಿಸುತ್ತಿದ್ದ.

ಅವನ ಕಾಟಾದ, ಅಂದರೆ ಆ ಲಾರಿ ತಕ್ಕಡಿಯ, ಪ್ರಿಂಟರು ಕೆಟ್ಟು ಮೂರು ವರ್ಷವಾಗಿತ್ತು. ಚೀಟಿಗಳನ್ನು ಕಾರ್ಬನ್ ಇಟ್ಟು ಕೈಯಲ್ಲೇ ಬರೆಯುತ್ತಿದ್ದ. ಒಮ್ಮೆ ಒಬ್ಬ ಡ್ರೈವರು ಚೀಟಿಯಲ್ಲಿದ್ದ 1ರ ತಲೆಗೆ ಒಂದು ಗೆರೆ ಎಳೆದು ಅದನ್ನು 7 ಮಾಡಿಕೊಂಡು ಹೋಗಿ, ಆರು ಟನ್ ಈರುಳ್ಳಿಯನ್ನು ಕಾಗದದ ಮೇಲೆಯೇ ಬೆಳೆದಿದ್ದ. ಅಂದಿನಿಂದ ಮಾಳಿಂಗಪ್ಪ ತಾನು ಬರೆವ ಪ್ರತಿ 7ರ ನಡುವಿಗೆ ಒಂದು ಅಡ್ಡಗೆರೆ ಎಳೆಯತೊಡಗಿದ. ನಡುವಿಗೆ ಗೆರೆಯಿಲ್ಲದ ಏಳು ಮಾಳಿಂಗಪ್ಪನದಲ್ಲ ಎಂಬುದು ಝಳಕಿಯಿಂದ ಇಂಡಿಯವರೆಗೆ ಎಲ್ಲ ವ್ಯಾಪಾರಿಗಳಿಗೂ ಗೊತ್ತಿತ್ತು. ಅಂಗಡಿ ಚೀಟಿ, ಕ್ಯಾಲೆಂಡರು, ಮಗಳ ಪುಸ್ತಕದ ಮೇಲಿನ ತರಗತಿ, ಎಲ್ಲಿ ಏಳು ಬಂದರೂ ಗೆರೆ ತಾನಾಗಿ ಬೀಳುತ್ತಿತ್ತು.

ಮಾಳಿಂಗಪ್ಪ ಸಣ್ಣ ಆಳೇನಲ್ಲ. ಅವನ ಕಾಟಾ ಹತ್ತು ಹತ್ತು ಕಿಲೋ ಲೆಕ್ಕದಲ್ಲಿ ಮಾತ್ರ ತೋರಿಸುತ್ತದೆ. ಅದರ ಪ್ರಕಾರ ಅವನು ನೂರಾ ಹತ್ತು. ಬೇರೆ ಯಾವ ತಕ್ಕಡಿಯನ್ನೂ ಅವನು ನಂಬುತ್ತಿರಲಿಲ್ಲವಾದ್ದರಿಂದ ನೂರಾ ಐದೋ ನೂರಾ ಹದಿನಾಲ್ಕೋ ಎಂಬುದು ಅವನಿಗೂ ಗೊತ್ತಿರಲಿಲ್ಲ.

ಇಂಥವನ ಕ್ಯಾಬಿನ್ನಿಗೆ ದೀಪಾವಳಿ ರಜೆ ಮುಗಿದ ವಾರದಲ್ಲಿ ಒಂದು ದಿನ, ಊಟದ ಬಿಡುವಿನಲ್ಲಿ, ಒಂಬತ್ತನೇ ತರಗತಿಯಲ್ಲಿದ್ದ ಮಗಳು ಕಾವೇರಿ ಒಂದು ಕಾಗದ ಹಿಡಿದುಕೊಂಡು ಬಂದಳು.

"ಅಪ್ಪಾ, ಇಲ್ಲೊಂದು ಸಹಿ ಹಾಕು."

"ಏನದು?"

"ಸಾಲ್ಯಾಗ ತೂಕ ಮಾಡಿದ್ರು. ಏಳು ಮಂದೀನ ಆರಿಸ್ಯಾರ. ಅದರಾಗ ನಾನೂ ಅದೀನಿ."

ಮಾಳಿಂಗಪ್ಪನ ಪೆನ್ನು ನಿಂತಿತು.

"ತೂಕ ಮಾಡಿದ್ರು? ಯಾರು?"

"ವಿಜಯಪುರದಿಂದ ಮೇಡಂ ಬಂದಿದ್ರು, ವಿಜಯಶ್ರೀ ಅಂತ. ಅವರು ಮೆಲ್ಲಕ ಬರಕೊಳ್ಳಾಕತ್ತಿದ್ರು. ನಮ್ಮ ಹೆಡ್ ಮಾಸ್ತರಗ ಸಮಾಧಾನ ಆಗಲಿಲ್ಲ, ಒಬ್ಬೊಬ್ಬರದೂ ಹಾಜರಿ ಕರದಂಗ ಒದರಿದ್ರು."

"ನಿಂದೆಷ್ಟು?"

"ಎಪ್ಪತ್ತೊಂದು."

"ಚಪ್ಪಲಿ ಬಿಡಿಸಿದ್ರೇನು?"

"ಬಿಡಿಸಿದ್ರು."

"ಬೆಲ್ಟು?"

"ಇಲ್ಲ."

"ಯೂನಿಫಾರ್ಮಿಗೆ ಸೂಟು ಎಷ್ಟು ಬಿಟ್ರು?"

"ಅಪ್ಪಾ, ನಾ ಈರುಳ್ಳಿ ಚೀಲ ಅಲ್ಲ. ಸಹಿ ಹಾಕು, ಬೆಲ್ ಹೊಡೀತಾರ."

ಮಾಳಿಂಗಪ್ಪ ಸಹಿ ಹಾಕಲಿಲ್ಲ. ಓದಿದ. ಕಾಗದದ ತಲೆಯ ಮೇಲೆ 'ಅಧಿಕ ತೂಕದ ಹದಿಹರೆಯದವರಲ್ಲಿ ಮನಸ್ಸಿಗಿಳಿದ ತೂಕ-ಕಳಂಕದ ಮಾಪನ' ಎಂದಿತ್ತು. ಒಂದೊಂದೇ ಪದ ಅವನಿಗೆ ಅರ್ಥವಾಯಿತು, ಅದರಿಂದಲೇ ಹೆದರಿಕೆ ಹೆಚ್ಚಾಯಿತು. ಅಧಿಕ ತೂಕ, ಕಳಂಕ, ಮಾಪನ. ಇಷ್ಟು ವರ್ಷದಲ್ಲಿ ಅಧಿಕ ತೂಕ ಎಂದು ಬರೆದ ಯಾವ ಕಾಗದವೂ ದಂಡವಿಲ್ಲದೆ ಮುಗಿದದ್ದನ್ನು ಅವನು ಕಂಡಿರಲಿಲ್ಲ. ಕೆಳಗೆ ಹೆಸರು, ವಯಸ್ಸು, ಮನೆಯಲ್ಲಿ ಎಷ್ಟು ಜನ, ತಂದೆಯ ಕೆಲಸ. ಅದರ ಕೆಳಗೆ ಎರಡು ಚೌಕ: ಪಡಿತರ ಚೀಟಿ, ಬಿಪಿಎಲ್ ಅಥವಾ ಎಪಿಎಲ್, ಸರಿಯಾದುದಕ್ಕೆ ಗುರುತು ಹಾಕಿ.

ಮಾಳಿಂಗಪ್ಪನ ಕಣ್ಣು ಆ ಚೌಕದಲ್ಲಿ ಸಿಕ್ಕಿಬಿತ್ತು.

ಅವನ ಹೆಂಡತಿ ಇಂದ್ರಾಬಾಯಿಯ ಪಿತ್ತಕೋಶದಲ್ಲಿ ಕಲ್ಲಿತ್ತು. ಮುಂದಿನ ತಿಂಗಳ ಹದಿನೆಂಟಕ್ಕೆ ವಿಜಯಪುರದ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಎಂದು ಗೊತ್ತಾಗಿತ್ತು. ಮನೆಯ ಬಿಪಿಎಲ್ ಕಾರ್ಡು ಉಳಿದರೆ ಆಪರೇಷನ್ ಪುಕ್ಕಟೆ, ಇಲ್ಲದಿದ್ದರೆ ಕಲ್ಲೇ ಗತಿ. ವಿಷಯ ಇಷ್ಟು ಸರಳವಾಗಿತ್ತು.

ಕ್ಯಾಬಿನ್ನಿಗೆ ಹತ್ತಿಕೊಂಡೇ ಯುನೂಸನ ಚಹದಂಗಡಿ. ಯುನೂಸ ಊದಿನಕಡ್ಡಿಯಂತಿದ್ದ; ಅಂಗಡಿಯ ಕಂಬದ ಹಿಂದೆ ನಿಂತರೆ ಗಿರಾಕಿಗಳು ಅಂಗಡಿಯಲ್ಲಿ ಯಾರೂ ಇಲ್ಲವೆಂದು ಮುಂದೆ ಹೋಗುತ್ತಿದ್ದರು. ಓದಿದ್ದು ಏಳನೆಯವರೆಗೆ. ಆದರೆ ಸರ್ಕಾರಿ ಕಾಗದಗಳ ಹಿಂದಿನ ಉದ್ದೇಶವನ್ನು ಹಿಡಿಯುವುದರಲ್ಲಿ ಅವನ ಮಾತು ಹೆದ್ದಾರಿಯಲ್ಲಿ ನಡೆಯುತ್ತಿತ್ತು. ಅವನು ಕಾಗದವನ್ನು ಬೆಳಕಿಗೆ ಹಿಡಿದು ನೋಡಿದ.

"ಮಾಳಿಂಗಣ್ಣ, ಮ್ಯಾಲ ತೂಕ ಐತಿ. ಕೆಳಗ ಕಾರ್ಡ್ ಐತಿ. ನಡುವ ನಿನ್ನ ಹೆಸರೈತಿ."

"ಅಂದ್ರ?"

"ಅಂದ್ರ ಇದು ಸರ್ವೆ ಅಲ್ಲ. ಪಂಚನಾಮಾ."

"ಹುಡುಗ್ಯಾರ ತೂಕಾ ಮಾಡಿ ಕಾರ್ಡ್ ತಗೀತಾರಂತೀಯೇನು?"

"ನಾ ಅನ್ನಂಗಿಲ್ಲ. ನೀನ ಹೇಳು, ಬಡೂರ ಮನ್ಯಾಗ ಎಪ್ಪತ್ತೊಂದು ಕಿಲೋ ಹುಡುಗಿ ಹೆಂಗ ಬರ್ತಾಳ ಅಂತ ಆಫೀಸಿನ್ಯಾಗ ಕುಂತಾಂವ ಕೇಳ್ತಾನೋ ಇಲ್ಲೋ?"

"ಅಕಿ ನನ್ನಂಗ ಅದಾಳಲೇ. ನಮ್ಮ ಮನಿತನಾನ ಹಂಗ."

"ಅದನ್ನ ಬರಿಯಾಕ ಚೌಕ ಐತೇನು ಇದರಾಗ?"

ಇರಲಿಲ್ಲ.

ಮಾಳಿಂಗಪ್ಪ ರೇಷನ್ ಅಂಗಡಿಯ ಸೋಮನಿಂಗನ ಬಳಿಗೆ ಹೋದ. ಸೋಮನಿಂಗನಿಗೆ ಈ ವಿಷಯ ಗೊತ್ತೇ ಇರಲಿಲ್ಲ. ಆದರೆ ಗೊತ್ತಿಲ್ಲ ಅನ್ನುವುದು ರೇಷನ್ ಅಂಗಡಿಯವನ ಹುದ್ದೆಗೆ ಶೋಭಿಸುವುದಿಲ್ಲ. ಅವನು ಧ್ವನಿ ತಗ್ಗಿಸಿದ.

"ಮೊದಲ ಕಾರ್ ಇದ್ದೋರದು ತಗದ್ರು. ಆಮ್ಯಾಲ ಟ್ಯಾಕ್ಸ್ ಕಟ್ಟೋರದು ತಗದ್ರು. ಇನ್ನ ಉಳದೋರು ಯಾರು?"

"ಯಾರು?"

"ಮೈ ಇದ್ದೋರು." ಸೋಮನಿಂಗ ಬೆರಳನ್ನು ಮೇಲಕ್ಕೆ ತೋರಿಸಿದ. "ಇದು ಮ್ಯಾಲಿಂದ ಬಂದೈತಿ."

ಮಾಳಿಂಗಪ್ಪ ಮೇಲೆ ನೋಡಿದ. ಅಲ್ಲಿ ಖಾಲಿ ಚೀಲಗಳನ್ನು ಕಟ್ಟಿ ತೂಗುಹಾಕಿದ್ದರು.

ಕೊನೆಗೆ ಹೈಸ್ಕೂಲಿಗೇ ಹೋದ. ಹೆಡ್ ಮಾಸ್ತರ ಪಂಢರಿನಾಥರು ಸಜ್ಜನರು. ಯಾರು ಏನು ಕೇಳಿದರೂ ಉತ್ತರ ಕೊಡದೆ ಕಳಿಸುವವರಲ್ಲ. ಆ ಗುಣದಿಂದಲೇ ಊರಿಗೆ ಹಲವು ಸಲ ಕಷ್ಟವಾಗಿತ್ತು.

"ಅಲ್ಲಪಾ ಮಾಳಿಂಗಪ್ಪ, ದಪ್ಪ ಹುಡುಗರು ತಮ್ಮನ್ನ ತಾವು ಕಡಿಮಿ ಅನ್ಕೊಂಡು ಕೊರಗತಾರೋ ಇಲ್ಲೋ ಅಂತ ನೋಡ್ಲಿಕ್ಕೆ ಹತ್ತಾರ. ಇದು ಮನಸ್ಸಿಂದು ಅದ. ಕಾರ್ಡಿಗೂ ಇದಕ್ಕೂ ಏನ್ ಸಂಬಂಧ ಅದ?"

"ಮತ್ತ ಕಾರ್ಡ್ ಯಾಕ ಕೇಳ್ಯಾರ್ರಿ ಸರ?"

ಪಂಢರಿನಾಥರು ಕನ್ನಡಕ ತೆಗೆದು ಒರೆಸಿದರು. "ಅದು... ಕಾಗದದಾಗ ಜಾಗಾ ಉಳದಿತ್ತು ಅನಸ್ತದ."

ಜಾಗ ಉಳಿಯಿತೆಂದು ಯಾರಾದರೂ ಬಿಪಿಎಲ್ ಎಂದು ಬರೆಯುತ್ತಾರೆಯೆ? ಮಾಳಿಂಗಪ್ಪನಿಗೆ ಉಳಿದಿದ್ದ ಸ್ವಲ್ಪ ಸಂಶಯವೂ ಹೋಗಿ ಖಾತ್ರಿಯಾಯಿತು. ಸಹಿ ಹಾಕದಿದ್ದರೆ ತಪ್ಪೊಪ್ಪಿಕೊಂಡಂತೆ ಎಂದು ಯುನೂಸ ಹೇಳಿದ್ದರಿಂದ ಅಲ್ಲೇ ಸಹಿ ಹಾಕಿದ.

ಶುಕ್ರವಾರ ಕಾವೇರಿಗೆ ಶಾಲೆಯಲ್ಲಿ ಒಂದು ಲಕೋಟೆ ಕೊಟ್ಟರು. ಅದರೊಳಗಿನ ಕಾಗದದಲ್ಲಿ ಹೆಸರಿನ ಬದಲು ಅವಳಿಗೆ ಕೊಟ್ಟ ನಂಬರು, ಕೆಳಗೆ ಹನ್ನೊಂದು ಹೇಳಿಕೆಗಳು. 'ಫೋಟೋ ತೆಗೆಯುವಾಗ ನಾನು ಹಿಂದಿನ ಸಾಲಿಗೆ ಸರಿಯುತ್ತೇನೆ.' 'ನಾಲ್ಕು ಜನರೆದುರು ಎರಡನೇ ಸಲ ಬಡಿಸಿಕೊಳ್ಳಲು ನನಗೆ ಸಂಕೋಚ.' 'ನನ್ನ ತೂಕದಿಂದಾಗಿ ನಾನು ಉಳಿದವರಿಗಿಂತ ಕಡಿಮೆ ಎನಿಸುತ್ತದೆ.' ಹೀಗೆ. ಪ್ರತಿಯೊಂದರ ಮುಂದೆ ಒಂದು ಚೌಕ. ಸ್ವಲ್ಪವೂ ನಿಜವಲ್ಲ ಎಂದರೆ 1, ಪೂರ್ತಿ ನಿಜ ಎಂದರೆ 7, ಮಧ್ಯೆ ಇದ್ದರೆ ಮಧ್ಯದ ಅಂಕಿ. ಒಬ್ಬರೇ ಕುಳಿತು ತುಂಬಬೇಕು, ಮನೆಯವರು ನೋಡಬಾರದು, ಅಂಟಿಸಿ ಸೋಮವಾರ ತರಬೇಕು. ಕಾವೇರಿ ಟ್ರಂಕಿನ ಮೇಲೆ ಕಾಗದವಿಟ್ಟುಕೊಂಡು ಐದು ನಿಮಿಷದಲ್ಲಿ ತುಂಬಿ, ಅಂಟಿಸಿ, ಥ್ರೋಬಾಲ್ ಆಡಲು ಹೋದಳು.

ಐದು ನಿಮಿಷ! ಮಾಳಿಂಗಪ್ಪ ಒಂದು ಎತ್ತಿನಗಾಡಿಯನ್ನು ತೂಗಲಿಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿದ್ದ.

ಸೋಮವಾರ "ನಾನ ಮಾಸ್ತರ ಕೈಯಾಗ ಕೊಡ್ತೇನಿ" ಎಂದು ಲಕೋಟೆ ಇಸಿದುಕೊಂಡ. ಅದು ನೇರವಾಗಿ ಯುನೂಸನ ಚಹದ ಕೆಟಲಿನ ಬಾಯಿಗೆ ಬಂತು. ಹಬೆಗೆ ಅಂಟು ಬಿಟ್ಟಿತು. ಇಬ್ಬರೂ ಕ್ಯಾಬಿನ್ನಿನ ಬಾಗಿಲು ಹಾಕಿಕೊಂಡು ಬಿಚ್ಚಿ ನೋಡಿದರು.

ಹನ್ನೊಂದು ಚೌಕ, ಹನ್ನೊಂದೂ 1. ಹಿಂಬದಿಯಲ್ಲಿ 'ನಿಮ್ಮ ತೂಕದ ಬಗ್ಗೆ ಬೇರೇನಾದರೂ ಹೇಳುವುದಿದ್ದರೆ' ಎಂದು ಕೇಳಿದ್ದ ಜಾಗದಲ್ಲಿ ಎರಡೇ ಪದ: ಏನೂ ಇಲ್ಲ.

"ಒಂದಂದ್ರ ಏನು?" ಯುನೂಸ ಕೇಳಿದ.

"ಏನೂ ತ್ರಾಸಿಲ್ಲ ಅಂತ."

"ಹನ್ನೊಂದಕ್ಕೂ ತ್ರಾಸಿಲ್ಲಾ?" ಯುನೂಸ ತಲೆಯ ಮೇಲೆ ಕೈ ಇಟ್ಟುಕೊಂಡ. "ಮುಗೀತು. ತಿಂದುಂಡು ಸುಖವಾಗಿ ಅದೀವಿ ಅಂತ ಬರದು ಕೊಟ್ಟಾಳಲ್ಲೋ ಮಾರಾಯ! ಎಪಿಎಲ್ ಕಾರ್ಡಿಗೆ ಅರ್ಜಿ ಹಾಕಿದಂಗಾತು."

ಹೊರಗೆ ನಿಂಬೆಹಣ್ಣಿನ ಲಾರಿಯೊಂದು ಕಾಟಾ ಹತ್ತಿ ನಿಂತಿತ್ತು. ಡ್ರೈವರು ಹಾರ್ನ್ ಹೊಡೆದ. ಮಾಳಿಂಗಪ್ಪ ಕಿಸೆಯಿಂದ ಪೆನ್ನು ತೆಗೆದ. ತನ್ನ ಹದಿನೆಂಟು ವರ್ಷದ ಸೇವೆಯಲ್ಲಿ ಯಾವ ಅಪರಾಧವನ್ನು ತಡೆಯಲೆಂದು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೂತಿದ್ದನೋ ಅದನ್ನು ಹನ್ನೊಂದು ಸಲ ಮಾಡಿದ. ಪ್ರತಿ 1ರ ತಲೆಗೊಂದು ಗೆರೆ. ಮತ್ತು, ಕೈ ತನ್ನ ರೂಢಿ ಬಿಡಬೇಕಲ್ಲ, ಪ್ರತಿಯೊಂದರ ನಡುವಿಗೆ ಇನ್ನೊಂದು.

ಆಮೇಲೆ ಹಿಂಬದಿ. 'ಏನೂ ಇಲ್ಲ' ಎಂಬುದನ್ನು ಹೊಡೆದುಹಾಕಿದರೆ ತಿದ್ದಿದ್ದು ಕಾಣುತ್ತದೆ. ಅದನ್ನೇ ಮುಂದುವರಿಸಿ ಬರೆಯತೊಡಗಿದ.

"ಬಡತನ ಚಲೋತ್ನಂಗ ಬರಿ," ಎಂದು ಯುನೂಸ ಗಿರಾಕಿ ನೋಡಲು ಎದ್ದ.

ಅವನು ನಾಲ್ಕು ಚಹಾ ಕೊಟ್ಟು ಬಂದಾಗಲೂ ಮಾಳಿಂಗಪ್ಪ ಬರೆಯುತ್ತಲೇ ಇದ್ದ. ಡ್ರೈವರು ಇಳಿದು ಬಂದು ಕಿಟಕಿ ಬಡಿದ. "ಏ ಅಣ್ಣಾ, ಹಣ್ಣು ಕೊಳೀತಾವು!" ಮಾಳಿಂಗಪ್ಪ ತಲೆ ಎತ್ತಲಿಲ್ಲ. ಕಾಗದದ ಕೊನೆಯ ಸಾಲಿನವರೆಗೆ ಬರೆದು, ಅಂಟಿಸಿ, ಶಾಲೆಗೆ ಹೋಗಿ ಕೊಟ್ಟುಬಂದ.

ಮುಂದಿನ ಹತ್ತು ದಿನ ಝಳಕಿ ಝಳಕಿಯಾಗಿರಲಿಲ್ಲ. ಸೋಮನಿಂಗನ ಬಾಯಿಗೆ ಬಿದ್ದ ಸುದ್ದಿ ಎರಡು ದಿನದಲ್ಲಿ ಊರು ತಿರುಗಿತು. ತೂಕದವರು ರೇಷನ್ ಸರದಿಗೆ ಬರುವುದನ್ನು ನಿಲ್ಲಿಸಿ, ಮನೆಯಲ್ಲಿ ಯಾರು ತೆಳ್ಳಗಿದ್ದಾರೋ ಅವರನ್ನು ಹೆಬ್ಬೆಟ್ಟಿಗೆ ಕಳಿಸತೊಡಗಿದರು. ಬರಲೇಬೇಕಾದವರು ಕೆಮ್ಮುತ್ತ ಬಂದರು. ನಲವತ್ತು ವರ್ಷ ಯಾರೂ ಲೆಕ್ಕಕ್ಕಿಡದಿದ್ದ ಯುನೂಸನ ಸಣಕಲು ಮೈಗೆ ಎಲ್ಲಿಲ್ಲದ ಮರ್ಯಾದೆ ಬಂತು. ತನಿಖೆ ಬಂದರೆ ನಮ್ಮ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತಿರು ಎಂದು ಮೂರು ಮನೆಯವರು ಮುಂಗಡವಾಗಿ ಹೇಳಿಟ್ಟರು. ಆಯ್ಕೆಯಾದ ಏಳು ಮಕ್ಕಳಲ್ಲಿ ಒಬ್ಬನನ್ನು ಅವನಪ್ಪ ಸಿಂದಗಿಯ ಸೋದರಮಾವನ ಮನೆಗೆ ಸಾಗಿಸಿದ. ಅಲ್ಲಿಯ ಶಾಲೆಗೂ ಅದೇ ಮೇಡಂ ಬಂದು ಅವನನ್ನು ಎರಡನೇ ಸಲ ತೂಗಿದರು. ಈ ಸಲ ಎರಡು ಕಿಲೋ ಹೆಚ್ಚಿದ್ದ. ಮಾವನ ಮನೆಯ ಉಪಚಾರ.

ಮಾಳಿಂಗಪ್ಪನ ಮನೆಯಲ್ಲಿ ಕಾವೇರಿಯ ತಾಟಿಗೆ ನಾಲ್ಕರ ಬದಲು ಎರಡು ರೊಟ್ಟಿ ಬೀಳತೊಡಗಿದವು.

"ಇನ್ನೆರಡು ಎಲ್ಲಿ?"

"ನಿಮ್ಮಪ್ಪನ್ನ ಕೇಳು," ಇಂದ್ರಾಬಾಯಿ ಅಂದಳು.

"ಕಾರ್ಡ್ ಉಳೀಲಿ ತಡಿ," ಮಾಳಿಂಗಪ್ಪ ಅಂದ. "ನಿಮ್ಮವ್ವನ ಕಲ್ಲು ತಗಸೂದೈತಿ."

"ನಾ ರೊಟ್ಟಿ ಬಿಟ್ರ ಅವ್ವನ ಕಲ್ಲು ಬೀಳತೈತೇನು?"

ಶಾಲೆಗೆ ಹೋಗುವ ದಾರಿಯಲ್ಲಿ ರೇಷನ್ ಅಂಗಡಿ. ಸರದಿಯಲ್ಲಿ ನಿಂತ ಹೆಂಗಸರು ಕಾವೇರಿಯನ್ನು ಹುಟ್ಟಿದಾಗಿನಿಂದ ನೋಡಿದವರು. ಈಗ ಹೊಸದಾಗಿ ನೋಡತೊಡಗಿದರು.

"ಯವ್ವಾ ಕಾವೇರಿ, ನೀ ಒಬ್ಬಾಕಿ ಉಂಡಿದ್ದಕ್ಕ ಊರಿನ ಅಕ್ಕಿ ಹೋಗತೈತಲ್ಲವ್ವಾ!"

"ಸಾವಕಾಶ ನಡಿ, ಡಾಂಬರ ಕಿತ್ತೀತು!"

ಹೆಂಗಸರು ನಕ್ಕರು. ಕಾವೇರಿ ಮರುದಿನದಿಂದ ಕೆರೆಯ ಹಿಂದಿನ ದಾರಿ ಹಿಡಿದಳು. ಅದು ಒಂದು ಮೈಲಿ ಸುತ್ತು. ಥ್ರೋಬಾಲಿಗೂ ಹೋಗಲಿಲ್ಲ.

ಹನ್ನೊಂದನೆಯ ದಿನ ಬೆಳಿಗ್ಗೆ ಹತ್ತಕ್ಕೆ ಪಂಢರಿನಾಥರ ಫೋನು ಬಂತು. "ಮಾಳಿಂಗಪ್ಪ, ವಿಜಯಶ್ರೀ ಮೇಡಂ ಸೀದಾ ನಿಮ್ಮ ಮನೀಗೇ ಬರ್ಲಿಕ್ಕೆ ಹತ್ತಾರ. ಕಾವೇರೀನ್ನೂ ಮನೀಗೆ ಕಳಿಸೇನಿ. ಏನೋ ಭಾಳ ಗಂಭೀರ ಅದ ಅಂತ."

ಅರ್ಧ ಗಂಟೆಯಲ್ಲಿ ಮಾಳಿಂಗಪ್ಪನ ಮನೆ ಬಡವಾಯಿತು. ಟಿವಿ ಯುನೂಸನ ಮನೆಗೆ ಹೋಯಿತು. ಮಿಕ್ಸರು ಹಿಟ್ಟಿನ ಡಬ್ಬಿಯೊಳಗೆ ಇಳಿಯಿತು. ಫ್ಯಾನಿನ ರೆಕ್ಕೆ ಬಿಚ್ಚಿ ಮಂಚದ ಕೆಳಗೆ ತಳ್ಳಿದರು. ಫ್ರಿಜ್ಜನ್ನು ಅಲುಗಿಸಲಾಗಲಿಲ್ಲ, ಅದಕ್ಕೆ ಕೌದಿ ಹೊದಿಸಿ, ಮೇಲೆ ದೇವರ ಫೋಟೋ ಇಟ್ಟು, ಊದಿನಕಡ್ಡಿ ಹಚ್ಚಿದರು. ಸೋಮನಿಂಗ ಸಾಕ್ಷಿಗೆಂದು ತಾನೇ ಬಂದು ಹೊಸ್ತಿಲಲ್ಲಿ ಕೂತ. ಯುನೂಸನನ್ನು ಮನೆಯ ಸದಸ್ಯನಂತೆ ಗೋಡೆಗೆ ಒರಗಿಸಿ ಕೂಡಿಸಿದರು. ಓಣಿಯ ಅರ್ಧ ಜನ ಅಂಗಳದಲ್ಲಿ ಕೆಮ್ಮುತ್ತಿದ್ದರು.

ಬಿಳಿ ಜೀಪು ಬಂದು ನಿಂತಿತು. ವಿಜಯಶ್ರೀ ಇಳಿದಳು. ಮೂವತ್ತರ ಒಳಗಿನ ವಯಸ್ಸು, ಹೆಗಲಲ್ಲಿ ಚೀಲ, ಹಿಂದೆ ಪಂಢರಿನಾಥರು. ಅವಳು ಸಂಶೋಧನೆಗೆಂದು ಎಂಟು ತಿಂಗಳಿಂದ ಊರೂರು ತಿರುಗಿದ್ದಳು. ಆದರೆ ಮನೆಯೊಳಗೆ ಕಾಲಿಡುವ ಮೊದಲೇ ಮೂವತ್ತು ಜನ ಒಟ್ಟಿಗೆ ಕೆಮ್ಮಿದ್ದನ್ನು ಎಲ್ಲೂ ಕೇಳಿರಲಿಲ್ಲ.

ಪ್ಲಾಸ್ಟಿಕ್ ಕುರ್ಚಿ ಕೊಟ್ಟರು. ಹಾಲಿಲ್ಲದ ಚಹಾ ಕೊಟ್ಟರು. ಮಾಳಿಂಗಪ್ಪ ಕೈಕಟ್ಟಿ ನಿಂತೇ ಇದ್ದ.

"ಯಜಮಾನರ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ನಾಲ್ಕೂ ತಾಲೂಕಿನ್ಯಾಗ ನಾಲ್ಕುನೂರಾ ಹನ್ನೆರಡು ಮಕ್ಕಳು ಫಾರ್ಮ್ ತುಂಬ್ಯಾರ. ಎಪ್ಪತ್ತೇಳಕ್ಕ ಎಪ್ಪತ್ತೇಳು ಬಂದಿದ್ದು ನಿಮ್ಮ ಮಗಳಿಗೊಬ್ಬಾಕಿಗೆ."

"ನಾಲ್ಕು ತಾಲೂಕಿಗೆ ಫಸ್ಟ್!" ಹೊಸ್ತಿಲಿಂದ ಸೋಮನಿಂಗ ಒದರಿದ. ಅಂಗಳದಲ್ಲಿ ಯಾರೋ ಚಪ್ಪಾಳೆ ತಟ್ಟಿದರು.

"ಇದು ಖುಷಿ ಪಡೂದಲ್ಲರಿ. ಬಾಳ ಕೆಟ್ಟ ಲಕ್ಷಣ ಇದು."

"ಹೌದ್ರಿ ಮೇಡಂ," ಮಾಳಿಂಗಪ್ಪ ತಕ್ಷಣ ಒಪ್ಪಿದ. "ಬಾಳ ಕೆಟ್ಟೈತ್ರಿ. ಎರಡು ಹೊತ್ತು ಉಂಡ್ರ ಪುಣ್ಯ."

"ನಾ ಅದನ್ನ ಕೇಳಲಿಲ್ಲ. ಮನ್ಯಾಗ ಅಕಿಗೆ ಯಾರರ ಏನರ ಅಂತಾರೇನು?"

"ಅನ್ನಾಕ ತ್ರಾಣ ಯಾರಿಗೈತ್ರಿ?" ಗೋಡೆಯ ಬಳಿಯಿಂದ ಯುನೂಸ ಕ್ಷೀಣವಾಗಿ ಹೇಳಿದ.

ವಿಜಯಶ್ರೀ ಅವನನ್ನು ನೋಡಿದಳು. ಆಮೇಲೆ ಗುಂಯ್ ಅನ್ನುತ್ತಿದ್ದ ದೇವರ ಕಡೆ ನೋಡಿದಳು. "ಅದೇನು ಸಪ್ಪಳ?"

"ಹೊರಗ ಲಾರಿ ನಿಂತಾವ್ರಿ," ಇಂದ್ರಾಬಾಯಿ ಅಂದಳು.

"ಕಾವೇರಿ ಜೋಡಿ ನಾ ಒಬ್ಬಾಕಿನ ಮಾತಾಡಬೇಕು. ಎಲ್ಲಾರೂ ಹೊರಗ ನಡೀರಿ."

"ಆಗಂಗಿಲ್ಲರಿ," ಮಾಳಿಂಗಪ್ಪ ಅಡ್ಡ ನಿಂತ. ಅವನು ಅಡ್ಡ ನಿಂತರೆ ದಾರಿ ಉಳಿಯುತ್ತಿರಲಿಲ್ಲ. "ಏನ್ ಕೇಳೂದಿದ್ರೂ ನನ್ನ ಮುಂದ ಕೇಳ್ರಿ. ಒಳಗ ಕರಕೊಂಡು ಹೋಗಿ ಏನ್ ಬರಸ್ಕೋತೀರೋ ಯಾರಿಗೆ ಗೊತ್ತು!"

ಅಷ್ಟರಲ್ಲಿ ಕಾವೇರಿ ಹಿತ್ತಲಿನಿಂದ ಬಂದಳು. ಮೇಡಂ ಚೀಲದಿಂದ ಕಾಗದ ತೆಗೆದು ಅವಳಿಗೆ ಮಾತ್ರ ಕಾಣುವಂತೆ ಹಿಡಿದಳು.

ಕಾವೇರಿ ನೋಡಿದಳು. "ಇದು ನಂದಲ್ಲರಿ."

"ನಂಬರ್ ನಿಂದ ಐತವ್ವಾ."

"ನಂಬರ್ ನಂದು. ಏಳು ನಂದಲ್ಲ. ನಾ ಎಲ್ಲಾದಕ್ಕೂ ಒಂದು ಹಾಕಿದ್ದೆ. ಈ ಏಳಿನ ನಡುವ ನೋಡ್ರಿ, ಗೆರಿ ಐತಲ್ಲ? ಈ ಜಿಲ್ಲಾದಾಗ ಹಿಂಗ ಬರಿಯಾಂವ ಒಬ್ಬನ ಅದಾನ."

ಮನೆಯೊಳಗಿದ್ದವರೆಲ್ಲ ಮಾಳಿಂಗಪ್ಪನ ಕಡೆ ತಿರುಗಿದರು. ಯುನೂಸ ಮಾತ್ರ ಬಾಗಿಲ ಕಡೆ ತಿರುಗಿದ; ಆದರೆ ಹೊಸ್ತಿಲಲ್ಲಿ ಸೋಮನಿಂಗ ಕೂತಿದ್ದ.

"ಹಿಂದೂ ಬರದಾನ," ಎಂದು ಕಾವೇರಿ ಕಾಗದ ತಿರುವಿದಳು. ಮೇಡಂ ಕಸಿದುಕೊಳ್ಳುವಷ್ಟರಲ್ಲಿ, ಹತ್ತು ದಿನದ ಎರಡು ರೊಟ್ಟಿಯ ಸಿಟ್ಟೆಲ್ಲ ಸೇರಿಸಿ, ಗಟ್ಟಿಯಾಗಿ ಓದತೊಡಗಿದಳು.

"'ಏನೂ ಇಲ್ಲ ಅಂತ ಎಲ್ಲರ ಮುಂದೆ ಹೇಳುತ್ತೇನೆ. ಆದರೆ ಬಸ್ಸಿನಲ್ಲಿ ನಾನು ಕೂತರೆ ಪಕ್ಕಕ್ಕೆ ಯಾರೂ ಬರುವುದಿಲ್ಲ. ಆದ್ದರಿಂದ ಸೀಟು ಖಾಲಿ ಇದ್ದರೂ ಇಂಡಿಯವರೆಗೆ ನಿಂತೇ ಹೋಗುತ್ತೇನೆ. ದಾಡಿ ಮಾಡಿಕೊಳ್ಳುವಾಗ ಸಣ್ಣ ಕನ್ನಡಿ ಹಿಡಿಯುತ್ತೇನೆ, ದವಡೆ ಅಷ್ಟೇ ಕಾಣಬೇಕು.'"

"ದಾಡಿ?" ಪಂಢರಿನಾಥರು ಕಾವೇರಿಯ ಮುಖ ನೋಡಿದರು.

"'ಮನಗೂಳಿಗೆ ಹುಡುಗಿ ನೋಡಲು ಹೋದಾಗ ನಾನು ಕೂತ ಕುರ್ಚಿ ಮುರಿಯಿತು. ಒಳಗೆ ಹುಡುಗಿ ನಕ್ಕಿದ್ದು ಕೇಳಿಸಿತು. ಅವಳನ್ನೇ ಮದುವೆಯಾದೆ. ಆದರೆ ಅಂದಿನಿಂದ ಇಂದಿನವರೆಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿಲ್ಲ. ಆದ ಕಾರಣ ನಮ್ಮ ಕಾರ್ಡನ್ನು ರದ್ದು ಮಾಡಬಾರದು.'"

ಅಂಗಳ ಒಮ್ಮೆಲೇ ನಕ್ಕಿತು. ಸೋಮನಿಂಗ ಹೊಸ್ತಿಲ ಮೇಲೆ ಹೊಟ್ಟೆ ಹಿಡಿದುಕೊಂಡ. "ಹುಡುಗಿ ನೋಡಾಕ ಹೋಗಿದ್ಳಂತ ಕಾವೇರಿ!" ಕೆಮ್ಮು ಎಲ್ಲರಿಗೂ ವಾಸಿಯಾಗಿತ್ತು.

ಇಂದ್ರಾಬಾಯಿ ನಗಲಿಲ್ಲ. "ನಾ ನಕ್ಕಿದ್ದಿಲ್ಲ," ಅಂದಳು. "ನಮ್ಮ ಅಕ್ಕ ನಕ್ಕಿದ್ಳು. ಹದಿನಾರು ವರ್ಷ ಆತು, ಒಂದ ಸಲ ಕೇಳಿದ್ದರ ಹೇಳ್ತಿದ್ದೆ."

ಮಾಳಿಂಗಪ್ಪ ನಿಂತಲ್ಲೇ ನಿಂತಿದ್ದ. ಅವನ ಪಕ್ಕದಲ್ಲೇ ಎರಡು ಖಾಲಿ ಕುರ್ಚಿಗಳಿದ್ದವು. ಯಾಕೆ ಅವನು ಯಾವಾಗಲೂ ನಿಂತಿರುತ್ತಾನೆ ಎಂದು ಇಡೀ ಓಣಿಗೆ ಆ ದಿನ ಏಕಕಾಲಕ್ಕೆ ತಿಳಿಯಿತು.

"ಕಾರ್ಡ್ ಯಾಕ ರದ್ದಾಗತೈತಿ?" ವಿಜಯಶ್ರೀ ಕೇಳಿದಳು. ಅವಳಿಗೆ ಎಲ್ಲವನ್ನೂ ಪಂಢರಿನಾಥರು, ಸೋಮನಿಂಗ ಮತ್ತು ಅಂಗಳ ಸೇರಿ ವಿವರಿಸಿದರು. ಅವಳು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು. ಬಡಮನೆಯ ಮಕ್ಕಳೆಷ್ಟು, ಉಳ್ಳವರ ಮಕ್ಕಳೆಷ್ಟು ಎಂದು ವಿಂಗಡಿಸಲು ಮಾತ್ರ ಆ ಚೌಕ, ಯಾವ ಕಚೇರಿಗೂ ಈ ಕಾಗದ ಹೋಗುವುದಿಲ್ಲ ಎಂದಳು. ಮಾಳಿಂಗಪ್ಪ ಸಹಿ ಹಾಕಿದ್ದ ಕಾಗದವನ್ನು ಚೀಲದಿಂದ ತೆಗೆದು, ಪೆನ್ನಿನಿಂದ ಆ ಚೌಕದ ಮೇಲೆ ಗೆರೆ ಎಳೆದು ತೋರಿಸಿದಳು.

"ಬಾಯಿಲೆ ಅನ್ನೂದು ಬ್ಯಾಡ್ರಿ," ಮಾಳಿಂಗಪ್ಪ ಅಂದ. "ಬರದು ಕೊಡ್ರಿ."

ಅವನ ಕಿಸೆಯಲ್ಲಿದ್ದ ವೇಬ್ರಿಜ್ ಚೀಟಿ ಪುಸ್ತಕದಲ್ಲೇ ಬರೆದುಕೊಟ್ಟಳು: ಈ ತೂಕಕ್ಕೂ ಪಡಿತರ ಚೀಟಿಗೂ ಸಂಬಂಧವಿಲ್ಲ. ದಿನಾಂಕ, ಸಹಿ. ಮಾಳಿಂಗಪ್ಪ ಕಾರ್ಬನ್ ಪ್ರತಿಯನ್ನು ಅವಳಿಗೆ ಕೊಟ್ಟು ಮೂಲವನ್ನು ತಾನಿಟ್ಟುಕೊಂಡ. ಕಾರ್ಡು ಉಳಿಯಿತು, ಅದಕ್ಕೆ ಯಾವತ್ತೂ ಏನೂ ಆಗುವುದಿರಲಿಲ್ಲ ಎಂಬ ಮಾತು ಬೇರೆ. ಹದಿನೆಂಟಕ್ಕೆ ಆಪರೇಷನ್ನೂ ಆಯಿತು. ಡಾಕ್ಟರು ಕಲ್ಲನ್ನು ಡಬ್ಬಿಯಲ್ಲಿ ಹಾಕಿ ಕೊಟ್ಟಾಗ ಮಾಳಿಂಗಪ್ಪ ಅದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದನಂತೆ.

ಆದರೆ ಆ ದಿನದ ಕೆಲಸ ಇನ್ನೂ ಮುಗಿದಿರಲಿಲ್ಲ. ಹದಿಹರೆಯದವರ ಅಧ್ಯಯನದಲ್ಲಿ ದಾಡಿಯುಳ್ಳವರಿಗೆ ಅವಕಾಶವಿಲ್ಲವಾದ್ದರಿಂದ ಆ ಕಾಗದ ರದ್ದಾಯಿತು. ವಿಜಯಶ್ರೀ ಚೀಲದಿಂದ ಹೊಸದೊಂದು ತೆಗೆದಳು. "ತುಂಬಬೇಕಂತೇನಿಲ್ಲ, ಕಾವೇರಿ. ಮನಸ್ಸಿದ್ರ ತುಂಬು."

"ಮೊದಲಿನಂಗ ಹನ್ನೊಂದು ಒಂದು ಹಾಕಿ ಕೊಡವ್ವಾ," ಮಾಳಿಂಗಪ್ಪ ಅಂದ. "ಐದು ನಿಮಿಷದ ಕೆಲಸ."

ಕಾವೇರಿ ಮನೆ ತುಂಬ ಕೂತವರನ್ನು, ಕಿಟಕಿಯಲ್ಲಿ ತುಂಬಿದ್ದ ಮುಖಗಳನ್ನು ನೋಡಿದಳು. "ಇಲ್ಲಿ ಬ್ಯಾಡ," ಅಂದಳು. ಅಪ್ಪನ ಮುಂದೆ ಕೈ ಚಾಚಿದಳು. "ಕ್ಯಾಬಿನ್ನಿನ ಕೀಲಿ ಕೊಡು." ಊರಲ್ಲಿ ಒಳಗಿನಿಂದ ಚಿಲಕವಿದ್ದು, ಕಿಟಕಿ ಮುಚ್ಚಿದರೆ ಯಾರೂ ಇಣುಕಲಾಗದ ಜಾಗ ಅದೊಂದೇ.

ಹೋಗಿ ಕಿಟಕಿ ಮುಚ್ಚಿ ಚಿಲಕ ಹಾಕಿಕೊಂಡಳು. ಮಾಳಿಂಗಪ್ಪ ಮೆಟ್ಟಿಲ ಕೆಳಗೆ ನಿಂತ. ಪಕ್ಕದಲ್ಲಿ ವಿಜಯಶ್ರೀ. ಯುನೂಸ ಅವರಿಗೆ ಹಾಲು ಹಾಕಿದ ಚಹಾ ತಂದುಕೊಟ್ಟ. ಐದು ನಿಮಿಷವಾಯಿತು. ಹತ್ತಾಯಿತು. ಕಬ್ಬಿನ ಲಾರಿಗಳು ಒಂದರ ಹಿಂದೊಂದು ಬಂದು ಕಾಟಾ ಹತ್ತದೆ ಈಚೆಯೇ ನಿಂತವು. ಡ್ರೈವರುಗಳು ಹಾರ್ನ್ ಹೊಡೆದರು, ಬೈದರು, ಇಳಿದು ಬಂದರು. "ಒಳಗ ಯಾರದಾರ?" ಎಂದು ಒಬ್ಬ ಬಾಗಿಲಿಗೆ ಕೈ ಹಾಕಿದ. ಮಾಳಿಂಗಪ್ಪ ಅವನ ಮುಂದೆ ಹೋಗಿ ನಿಂತ. ಡ್ರೈವರಿಗೆ ಬಾಗಿಲೂ ಕಾಣಲಿಲ್ಲ, ಕ್ಯಾಬಿನ್ನೂ ಕಾಣಲಿಲ್ಲ. ಅವನು ಮರಳಿ ಹೋದ.

ನಲವತ್ತು ನಿಮಿಷಕ್ಕೆ ಚಿಲಕ ತೆಗೆದ ಸಪ್ಪಳವಾಯಿತು. ಕಾವೇರಿ ಮೆಟ್ಟಿಲಿಳಿದು ಬಂದು ಅಂಟಿಸಿದ ಲಕೋಟೆಯನ್ನು ನೇರವಾಗಿ ಮೇಡಂ ಕೈಗೆ ಕೊಟ್ಟಳು.

"ಹೋದ ಸಲ ಐದು ನಿಮಿಷಕ್ಕ ಮುಗಿಸಿದ್ದೆಲ್ಲ?" ಮಾಳಿಂಗಪ್ಪ ಕೇಳಿದ.

"ಹೋದ ಸಲ ನೀ ಒಡದು ನೋಡ್ತಿ ಅಂತ ಗೊತ್ತಿತ್ತು."

ಮಾಳಿಂಗಪ್ಪ ಲಕೋಟೆ ವಿಜಯಶ್ರೀಯ ಚೀಲದೊಳಗೆ ಹೋಗುವುದನ್ನು ನೋಡಿದ.

"ಏಳು... ಎಷ್ಟು ಹಾಕಿದಿ?"

"ಅದನ್ನ ಹೇಳಂಗಿಲ್ಲ," ಕಾವೇರಿ ಅಂದಳು. "ಹಾಕಿದ್ದಕ್ಕೆಲ್ಲ ನಡುವ ಗೆರಿ ಎಳದೇನಿ. ಇನ್ನ ಯಾರಿಗೂ ತಿದ್ದಾಕ ಬರಂಗಿಲ್ಲ."

ಶಾಲೆಯ ದಾರಿ ಹಿಡಿಯಲು ಅವಳು ಕಾಟಾದ ಮೇಲಿನಿಂದಲೇ ದಾಟಿಹೋದಳು. ಕ್ಯಾಬಿನ್ನಿನ ಕಿಟಕಿಯ ಮೇಲಿನ ಫಲಕದಲ್ಲಿ ಕೆಂಪು ಅಂಕಿ 70 ಎಂದು ಮೂಡಿತು. ಡ್ರೈವರುಗಳು ಅತ್ತ ನೋಡುವ ಮೊದಲೇ ಮಾಳಿಂಗಪ್ಪ ಮೆಟ್ಟಿಲು ಹತ್ತಿ, ಕೈ ಚಾಚಿ, ಸ್ವಿಚ್ ಆರಿಸಿದ.